ಕಮಾಂಡರ್ ಸಾಹೇಬರ ದನಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಪ್ರಾಣ ಉಳಿಸಿಕೊಳ್ಳಲು ಅಡಗಿ ಕೂತಿದ್ದ ಸೈನಿಕನೊಬ್ಬನ ಫೋನಿಗೆ ನಾನು ಪರೇಡಿನ ಆಜ್ಞೆಗಳನ್ನು ಕೂಗಿ ಕಳಿಸಿದೆ. ನಗಿಸೋಣ ಅಂತ.

ಕೊರೊನಾ ಕಾಲದಲ್ಲಿ ಐರ್ಲೆಂಡಿನ ವಾಟರ್‌ಫರ್ಡಿನ ಒಂದು ಮನೆಯಲ್ಲಿ ಮೂವರಿದ್ದೆವು. ಮೈಸೂರಿನ ಡಾಕ್ಟರಣ್ಣ ದೊಡ್ಡಾಸ್ಪತ್ರೆಯ ವಾರ್ಡಿಗೆ ಹೋಗುತ್ತಿದ್ದರು. ಕಾಬೂಲಿನಿಂದ ಬಂದು ಎಷ್ಟೋ ವರ್ಷವಾಗಿದ್ದ ಭಾಯಿ ಅದೇ ಆಸ್ಪತ್ರೆಯ ಅಡುಗೆಮನೆಗೆ. ಬೆಂಗಳೂರಿನ ನಾನು ಹಾಸಿಗೆಯಿಂದ ಡೈನಿಂಗ್ ಟೇಬಲ್ಲಿಗೆ, ಅಂದರೆ ಆಫೀಸಿಗೆ. ಭಾಯಿ ಜೊತೆ ನಮ್ಮದು ಹಿಂದಿ.

ಊಟಕ್ಕೆ ಕೂತಾಗ ನನ್ನ ಮಿಮಿಕ್ರಿ ಪ್ರದರ್ಶನ. ಚೆನ್ನಾಗಿದೆ ಎನ್ನಲೂ ಸರಿ ಎನ್ನಲೂ ಮನೆ ಓನರಮ್ಮ ಹೇಳುವ ‘ಗ್ರ್ಯಾಂಡ್, ಗ್ರ್ಯಾಂಡ್’, ಫೋನಿನಲ್ಲಿ ಹೆಂಡತಿಗೆ ಹೆದರುವ ಡಾಕ್ಟರಣ್ಣ, ಮೀಟಿಂಗಿನಲ್ಲಿ ಮೈಕ್ ಕೆಟ್ಟಿದೆ ಎಂದು ನಟಿಸುವ ನಾನು. ಭಾಯಿಗೆ ಮಾತ್ರ ಬೇಕಾಗಿದ್ದದ್ದು ಕಮಾಂಡರ್ ಸಾಹೇಬರು. ಭಾಯಿಯ ತಮ್ಮ ಕಾಬೂಲಿನಲ್ಲಿ ಸೈನಿಕ. ಅವನ ಕಮಾಂಡರ್ ಪರೇಡಿನಲ್ಲಿ ಕೂಗುವ ವಿಡಿಯೊ ನೋಡಿ ನೋಡಿ ನಾನು ಬಾಯಿಪಾಠ ಮಾಡಿದ್ದೆ. ಅರ್ಥ ಗೊತ್ತಿರಲಿಲ್ಲ, ಗತ್ತು ಇತ್ತು.

ಆಮೇಲೆ ಅಲ್ಲಿ ಸರ್ಕಾರ ಬದಲಾಯಿತು. ಹಳೆ ಸೈನಿಕರಿಗೆಲ್ಲ ಕ್ಷಮೆ ಎಂದು ಹೊಸಬರು ಸಾರಿದರು, ಹಿಂದೆಯೇ ಮನೆಮನೆ ಹುಡುಕತೊಡಗಿದರು. ತಮ್ಮನ ಜೊತೆಯವರನ್ನು ವಿಚಾರಣೆಗೆ ಕರೆದೊಯ್ದರು; ಅವರು ವಾಪಸ್ ಬರಲಿಲ್ಲ. ತಮ್ಮ ಯೂನಿಫಾರ್ಮ್ ಸುಟ್ಟು ಅತ್ತೆಯ ಮನೆ ಸೇರಿದ.

“ನಗೋದೇ ಮರ್ತಿದ್ದಾನೆ” ಎಂದರು ಭಾಯಿ ಒಂದು ಮಧ್ಯಾಹ್ನ. ಅವರ ಫೋನು ಟೇಬಲ್ ಮೇಲೇ ಇತ್ತು. ನನ್ನ ಬಾಯಿಯೂ ಅಲ್ಲೇ ಇತ್ತು. ಕಮಾಂಡರ್ ಸಾಹೇಬರ ದನಿಯಲ್ಲಿ ಒಂದು ವಾಯ್ಸ್ ಮೆಸೇಜ್ ಒಗೆದೆ.

ಭಾಯಿ ಚಹಾ ಲೋಟ ಕೆಳಗಿಟ್ಟರು. “ರಸ್ತೇಲಿ ನಿಲ್ಲಿಸಿ ಫೋನ್ ತೆಗೆಸಿ ನೋಡ್ತಾರೆ.”

ಗಾಬರಿಯಲ್ಲಿ ಅಳಿಸಲು ಹೋದೆ. ಒತ್ತಿದ್ದು ‘ಡಿಲೀಟ್ ಫಾರ್ ಮಿ’. ನಮ್ಮ ಫೋನಿನಿಂದ ಹೋಯಿತು, ಅವನದರಲ್ಲಿ ಉಳಿಯಿತು. ಅಳಿಸು ಎಂದು ಭಾಯಿ ಕಳಿಸಿದ ಮೆಸೇಜಿಗೆ ಒಂದೇ ಟಿಕ್. ಅತ್ತೆಗೆ ಫೋನ್ ಮಾಡಿದರೆ, ತಮ್ಮ ಆಗಲೇ ಗಡಿಯ ಕಡೆ ಹೊರಟಾಗಿದೆ.

“ಅಲ್ಲ ಕಣೋ,” ಎಂದರು ಡಾಕ್ಟರಣ್ಣ, “ಬಾಯಿ ಐತೆ ಅಂತ ಕಾಬೂಲ್‌ವರೆಗೂ ಬಿಡೋದಾ?”

ಆಮೇಲಿನ ದಿನಗಳಲ್ಲಿ ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ಓನರಮ್ಮ ಎರಡು ಮೀಟರ್ ದೂರ ನಿಂತು, ನಿನಗೆ ಕೋವಿಡ್ ಬಂತಾ ಎಂದು ಕೇಳಿದಳು. ಗ್ರ್ಯಾಂಡ್ ಎಂದೆ, ನನ್ನದೇ ದನಿಯಲ್ಲಿ. ಅವಳಿಗೆ ಅನುಮಾನ ಇನ್ನೂ ಹೆಚ್ಚಾಯಿತು.

ಕೊನೆಗೆ ಪೇಶಾವರದಿಂದ ಫೋನ್ ಬಂತು: ಗಡಿ ದಾಟಿದ್ದೇನೆ. ಭಾಯಿ ಅಳುತ್ತಲೇ ಅಕ್ಕಿ ತೊಳೆದರು. ಅವತ್ತು ಬೀದಿಯ ಮನೆಮನೆಯ ಹೊಸ್ತಿಲಲ್ಲೂ ಒಂದೊಂದು ಡಬ್ಬಿ ಪುಲಾವ್.

ಕಾಗದಪತ್ರ ಕೈಸೇರಲು ತಿಂಗಳುಗಳೇ ಹಿಡಿದವು. ಡಬ್ಲಿನ್ ಏರ್‌ಪೋರ್ಟಿನಲ್ಲಿ ಭಾಯಿ ಮಾಸ್ಕ್ ಹಾಕಿದ ಬೇರೆ ಯಾರನ್ನೋ ಮೊದಲು ತಬ್ಬಿದರು. ಆ ಮನುಷ್ಯ ಪಾಪ ಬೆನ್ನು ತಟ್ಟಿ ಮುಂದೆ ಹೋದ. ಎರಡನೆಯವನು ಸರಿಯಾದ ತಮ್ಮ.

ಮನೆಗೆ ಬಂದು ಊಟಕ್ಕೆ ಕೂತಾಗ ನಾನು ಎದ್ದು ನಿಂತು ಕ್ಷಮೆ ಕೇಳಿದೆ. ತಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಪೇಶಾವರದಲ್ಲಿ ಕಲಿತ ಉರ್ದುವಿನಲ್ಲಿ ಕೇಳಿದ, “ಆ ಆಲೂಗಡ್ಡೆಯವನು ನೀನೇನಾ?”

ನಡೆದದ್ದು ಇಷ್ಟು. ದಾರಿಯಲ್ಲಿ ಬಂದೂಕು ಹಿಡಿದ ಹುಡುಗರು ಅವನ ಬಸ್ ನಿಲ್ಲಿಸಿದ್ದಾರೆ, ಫೋನ್ ಕಸಿದು ನನ್ನ ಆಜ್ಞೆಗಳನ್ನು ಜೋರಾಗಿ ಹಾಕಿದ್ದಾರೆ. ಒಬ್ಬನಿಗೆ ನಗು ತಡೆಯಲಾಗಿಲ್ಲ. “ಯಾರೋ ಇವ್ನು, ಆಲೂಗಡ್ಡೆ ಮಾರ್ತಾನಾ?” ತಮ್ಮ ಹೌದು ಎಂದಿದ್ದಾನೆ. ಅವರು ಇನ್ನೊಂದು ಸಲ ಕೇಳಿ, ಹೊಟ್ಟೆ ಹಿಡಿದು ನಕ್ಕು, ಫೋನ್ ಕೊಟ್ಟು ಕಳಿಸಿದ್ದಾರೆ.

ನನ್ನ ಎದೆ ಉಬ್ಬಿತು. “ನೋಡಿದ್ರಾ ಡಾಕ್ಟರಣ್ಣ, ನನ್ನ ಮಿಮಿಕ್ರಿ ಒಂದು ಜೀವ ಉಳಿಸ್ತು” ಎಂದು ಕನ್ನಡದಲ್ಲಿ ಹೇಳಿ, ತಮ್ಮನಿಗೂ ಅದನ್ನೇ ಹಿಂದಿಯಲ್ಲಿ ಹೇಳಿದೆ.

ಅವನು ಪುಲಾವಿನ ತುತ್ತು ನುಂಗಿ ಹೇಳಿದ, “ಅದು ಒಂಚೂರು ಚೆನ್ನಾಗಿದ್ದಿದ್ರೂ ನಾನು ಸತ್ತಿರ್ತಿದ್ದೆ. ದಯವಿಟ್ಟು ಪ್ರಾಕ್ಟೀಸ್ ಮಾತ್ರ ಮಾಡ್ಬೇಡ.”