ಸಕ್ಕರೆ ಬಿಟ್ಟವರ ದವಡೆ ಹಲ್ಲು

ನಮ್ಮ ಯಜಮಾನರು ಸಿಹಿ ತಿನ್ನುವುದನ್ನು ಬಿಟ್ಟಿದ್ದಾರೆ. ಬೆಲ್ಲವನ್ನು ಮಾತ್ರ ಬಿಟ್ಟಿಲ್ಲ. ಇದರಲ್ಲಿ ನಿಮಗೇನಾದರೂ ತಪ್ಪು ಕಂಡರೆ ನೀವು ನಮ್ಮ ತುಮಕೂರು ಕಡೆಯವರಲ್ಲ. ನಮ್ಮಲ್ಲಿ ಸಿಹಿ ಎಂದರೆ ಬೇಕರಿಯ ಗಾಜಿನ ಹಿಂದೆ ಕೂತಿರುವುದು. ಬೆಲ್ಲ ಎಂದರೆ ಕೆಮ್ಮಿಗೆ ಔಷಧಿ, ಬಿಸಿಲಲ್ಲಿ ಬಂದವರಿಗೆ ನೀರಿನ ಜೊತೆ ಕೊಡುವ ಮರ್ಯಾದೆ. ಅದನ್ನು ಸಿಹಿತಿಂಡಿಯ ಸಾಲಿಗೆ ಸೇರಿಸುವುದು ಬೆಲ್ಲಕ್ಕೆ ಮಾಡುವ ಅವಮಾನ.

ಇವರು ದಿನವೂ ಬಸ್ಸಿನಲ್ಲಿ ಕುಣಿಗಲ್‌ಗೆ ಹೋಗಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಾರೆ, ಪಾಪ. ಧೂಳಿಗೆ ಗಂಟಲು ಕೆಡಬಾರದೆಂದು, ಕಡಬದಿಂದ ನಾದಿನಿ ಕಳಿಸುವ ಬೆಲ್ಲದ ಒಂದು ಚೂರು ಬಲಗೆನ್ನೆಯಲ್ಲಿ. ಅಗಿಯುವುದಿಲ್ಲ, ಅಗಿದರೆ ಬೇಗ ಮುಗಿದುಹೋಗುತ್ತದಲ್ಲ! ದವಡೆಗೆ ಒತ್ತಿಟ್ಟುಕೊಂಡರೆ ಕುಣಿಗಲ್ ಬರುವವರೆಗೂ ಇರುತ್ತದೆ.

ಈ ಮಿತವ್ಯಯದ ಫಲವಾಗಿ ಬಲಗಡೆಯ ದವಡೆ ಹಲ್ಲು ಹುಳುಕಾಯಿತು. ಎಡಗಡೆಯವು ಹೋಗಿ ವರ್ಷಗಳೇ ಆಗಿವೆ. ಇದೂ ಹೋದರೆ ಹುರಿಗಾಳು, ಚಕ್ಕುಲಿ, ಕಬ್ಬು ಎಲ್ಲಕ್ಕೂ ಎಳ್ಳುನೀರು ಬಿಡಬೇಕು. "ಹೋದ್ರೆ ಹೋಗ್ಲಿ ಬುಡು, ಮುದ್ದೆ ನುಂಗೋಕೆ ಹಲ್ಯಾಕೆ?" ಎಂದು ಜಂಬ ಕೊಚ್ಚಿಕೊಂಡರು. ಆದರೆ ಹುರಿಗಾಳಿನ ಡಬ್ಬಿಯ ಕಡೆ ನೋಡಿದ ನೋಟ ನೋಡಿ ನನಗೇ ಸಂಕಟವಾಯಿತು. ತಿನ್ನುವುದೊಂದನ್ನು ಬಿಟ್ಟರೆ ಈ ಮನುಷ್ಯನಿಗೆ ಬೇರೆ ಚಟವಿಲ್ಲ.

ಗುಬ್ಬಿಯ ನನ್ನ ಅಜ್ಜಿ ಹಲ್ಲುನೋವಿಗೆ ಹೊಗೆ ಹಾಕಿಸಿಕೊಂಡು, ಹುಳ ಉದುರಿದ್ದನ್ನು ಕಣ್ಣಾರೆ ಕಂಡೆ ಎನ್ನುತ್ತಿದ್ದರು. ಹಲ್ಲೆಲ್ಲ ಹೋದರೂ ಆ ನಂಬಿಕೆ ಹೋಗಲಿಲ್ಲ. ವಿಜ್ಞಾನದ ಮೇಷ್ಟರಿಗೆ ಹೊಗೆ ಒಪ್ಪಿಗೆಯಾಗುತ್ತದೆಯೇ? ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಡಾಕ್ಟರಮ್ಮ ಬಾಯಿಗೆ ಲೈಟು ಬಿಟ್ಟು ವಿಚಾರಣೆ ಶುರುಮಾಡಿದರು.

"ಸ್ವೀಟ್ ತಿಂತೀರಾ ಸಾರ್?"

"ಮುಟ್ಟೋದೇ ಇಲ್ಲಮ್ಮ."

"ರಾತ್ರಿ ಬ್ರಷ್ ಮಾಡ್ತೀರಾ?"

"ಮಾಡ್ತೀನಲ್ಲ." ನಾನು ಫ್ಯಾನ್ ನೋಡುತ್ತ ಕೂತೆ.

"ಮಾತ್ರೆ ಏನಾದ್ರೂ ತಗೋತೀರಾ? ಬಾಯಿ ಒಣಗಿ ಜೊಲ್ಲು ಕಮ್ಮಿಯಾದ್ರೂ ಹಲ್ಲು ಹುಳುಕಾಗುತ್ತೆ."

ಇವರ ಮುಖ ಅರಳಿತು. ಬಿಪಿ ಮಾತ್ರೆ ಸಿಕ್ಕಿಬಿದ್ದಿತಲ್ಲ! ಅದರ ಹಿಂದೆಯೇ ಬೋರ್‌ವೆಲ್ ನೀರು, ತೀರಿಹೋದ ಅವರಪ್ಪನ ಹಲ್ಲು, ಕೊನೆಗೆ ನನ್ನ ಅಡುಗೆ, ಎಲ್ಲರನ್ನೂ ಕಟಕಟೆಗೆ ತಂದು ನಿಲ್ಲಿಸಿದರು. ಕೆನ್ನೆಯೊಳಗಿನ ಕಳ್ಳನ ಸುದ್ದಿ ಮಾತ್ರ ಇಲ್ಲ.

"ರೀ, ಕುಣಿಗಲ್‌ವರ್ಗೂ ದವಡೇಲಿ ಇಟ್ಕೊಂಡು ಹೋಗೋ ಬೆಲ್ಲದ ವಿಷ್ಯ ಹೇಳ್ರೀ" ಎಂದೆ.

"ಅದು ಬೆಲ್ಲ ಕಣೇ! ಅವ್ರು ಕೇಳಿದ್ದು ಸ್ವೀಟು!"

ಡಾಕ್ಟರಮ್ಮ ನಗಲಿಲ್ಲ. "ಬೆಲ್ಲ ಆದ್ರೇನು, ಸಕ್ಕರೆ ಆದ್ರೇನು ಸಾರ್, ಬ್ಯಾಕ್ಟೀರಿಯಾಗೆ ಎರಡೂ ಒಂದೇ. ಎಷ್ಟು ತಿಂತೀರ ಅನ್ನೋದಕ್ಕಿಂತ ಎಷ್ಟು ಹೊತ್ತು ಬಾಯಲ್ಲಿ ಇಟ್ಕೋತೀರ ಅನ್ನೋದು ಮುಖ್ಯ. ನೀವು ಅವಕ್ಕೆ ಕುಣಿಗಲ್‌ವರ್ಗೂ ಊಟ ಹಾಕ್ತಿದ್ದೀರ. ರೂಟ್ ಕೆನಾಲ್ ಮಾಡಿ ನೋಡೋಣ. ಇನ್ಮೇಲೆ ಏನೇ ತಿಂದ್ರೂ ತಕ್ಷಣ ಬಾಯಿ ಮುಕ್ಕಳಿಸಿ."

ಕೆಲವು ಸಿಟ್ಟಿಂಗ್ ಆದವು. ಕೊನೆಗೆ ಹಲ್ಲಿಗೊಂದು ಕ್ಯಾಪ್ ಹಾಕಿಸಿಕೊಂಡು, ಗೆದ್ದ ಪೈಲ್ವಾನನಂತೆ ಹೊರಗೆ ಬಂದರು. "ಹಲ್ಲು ಉಳೀತು ಕಣೇ! ಇಂಥ ದಿನ ಬಾಯಿ ಸಿಹಿ ಮಾಡ್ದೆ ಇರೋಕಾಗುತ್ತಾ?"

ಬೈಯಬೇಕೆಂದುಕೊಂಡೆ, ಮನಸ್ಸು ಬರಲಿಲ್ಲ. ಹಲ್ಲು ಹಾಳಾಗುವ ಕಾರಣಗಳನ್ನೆಲ್ಲ ಡಾಕ್ಟರಮ್ಮ ಹೇಳಿದ್ದರು. ಖುಷಿಯಾದಾಗ ಏನು ಮಾಡಬೇಕೆಂದು ಅವರೂ ಹೇಳಿರಲಿಲ್ಲ. ಮನೆಗೆ ಬಂದು ನಾನೇ ಪಾಯಸ ಮಾಡಿದೆ, ಬೆಲ್ಲದ್ದೇ. ಕುಡಿದ ತಕ್ಷಣ ಇಬ್ಬರೂ ನಲ್ಲಿಯ ಹತ್ತಿರ ನಿಂತು ಶಾಲೆಯ ಮಕ್ಕಳ ಹಾಗೆ ಬಾಯಿ ಮುಕ್ಕಳಿಸಿದೆವು.

"ಮುಕ್ಕಳಿಸಿದ್ದಾಯ್ತಲ್ಲ, ಇನ್ನೊಂದು ಲೋಟ ಹಾಕೇ" ಎಂದರು.

ಹಾಕಿದೆ. ನಾನೂ ಹಾಕಿಕೊಂಡೆ.