ಸಕ್ಕರೆ ಬಿಟ್ಟ ಓಣಿ

ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಎಂದು ಜಮಖಂಡಿಯ ಡಾಕ್ಟರು ಹೇಳಿದ ದಿನ, ನಾನು ಬಂದವಳೇ ಸಕ್ಕರೆ ಡಬ್ಬಿಯನ್ನು ಎತ್ತಿ ಪಕ್ಕದ ಮನೆಗೆ ಕೊಟ್ಟುಬಿಟ್ಟೆ. ಅನ್ನ ಕಡಿಮೆ ಮಾಡಿದೆ. ಜೋಳದ ರೊಟ್ಟಿ, ಮೆಂತ್ಯ ಸೊಪ್ಪು, ಹೆಸರುಕಾಳಿನ ಪಲ್ಯ, ನಡುನಡುವೆ ಹಾಗಲಕಾಯಿ. ಇವರು ತುಟಿ ಪಿಟಕ್ಕೆನ್ನದೆ ಉಂಡರು. ಜೀವಮಾನದಲ್ಲಿ ನನ್ನ ಒಂದು ಮಾತನ್ನೂ ಜಗಳವಿಲ್ಲದೆ ಕೇಳದ ಮನುಷ್ಯ ಹಾಗಲಕಾಯಿಯನ್ನು ಸುಮ್ಮನೆ ಉಣ್ಣುತ್ತಾರೆಂದರೆ ನನಗೆ ಆಗಲೇ ಸಂಶಯ ಬರಬೇಕಿತ್ತು. ಮನೆಯಲ್ಲಿ ಉಣ್ಣುವುದು ಎರಡು ಹೊತ್ತು, ಉಳಿದ ಹೊತ್ತೆಲ್ಲ ಇವರು ಇರುವುದು ಮಗ್ಗದ ಮನೆಗಳಲ್ಲಿ.

ಇವರದು ಸೀರೆ ವ್ಯಾಪಾರ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನೇಕಾರರ ಮನೆ ಮನೆಗೆ ಹೋಗಿ ಸೀರೆ ನೋಡಿ, ದರ ಮಾತಾಡಿ, ಎಲ್ಲ ಒಟ್ಟು ಮಾಡಿ ಪರವೂರಿನ ಅಂಗಡಿಗಳಿಗೆ ಕಳಿಸುವುದು. ನಮ್ಮ ಓಣಿಗಳದೊಂದು ಪದ್ಧತಿ ಇದೆ. ಮಾತು ಮುಗಿದರೂ ಸೀರೆಯನ್ನು ಕೂಡಲೇ ಮಡಚುವುದಿಲ್ಲ. ಅದು ಬಿಚ್ಚಿದ ಹಾಗೇ ಇರುತ್ತದೆ, ಒಳಗಿನಿಂದ ಚಹಾ ಬರುತ್ತದೆ, ಕುಡಿದು ಕಪ್ಪು-ಬಸಿ ಕೆಳಗಿಟ್ಟ ಮೇಲೆಯೇ ಮಡಚುವುದು. ಕುಡಿಯದೆ ಎದ್ದರೆ ಸೀರೆ ಮನಸ್ಸಿಗೆ ಬರಲಿಲ್ಲ ಎಂದರ್ಥ. ಇನ್ನು ಆ ಚಹಾವೋ, ಚಹಾ ಅಲ್ಲ, ಪಾಕ! ಸಕ್ಕರೆ ಕಡಿಮೆ ಹಾಕಿದರೆ ಮನೆಗೆ ಬಡತನ ಬಂತೆಂದು ಬಂದವರು ತಿಳಿದಾರೆಂಬ ಅಂಜಿಕೆ ಎಲ್ಲರಿಗೂ.

"ಒಂದ ದಿನಾ ಬ್ಯಾಡ ಅಂದ ನೋಡ್ರಿ. ಯಾರೂ ಸಾಯಂಗಿಲ್ಲ" ಎಂದು ಒಂದು ಬೆಳಿಗ್ಗೆ ಹಟ ಹಿಡಿದೆ. ಪಾಪ, ಇವರು ಒಂದು ಮನೆಯಲ್ಲಿ ಬೇಡ ಅಂದೇಬಿಟ್ಟರು. ಸಂಜೆಗೆ ಓಣಿಯ ಹಿರಿಯ ನೇಕಾರನೊಬ್ಬ, ನನ್ನ ಅಪ್ಪನ ವಯಸ್ಸಿನವನು, ಸೀರೆಯನ್ನು ಬಗಲಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದ.

"ಯವ್ವಾ, ಇದರಾಗ ಏನ ಐಬ ಐತಿ ತೋರಸು. ನಿನ್ನ ಗಂಡ ನಮ್ಮನ್ಯಾಗ ಚಾ ಮುಟ್ಟಲಿಲ್ಲ."

ಸೆರಗನ್ನು ದೀಪದ ಬೆಳಕಿಗೆ ಹಿಡಿದು ಒಂದೊಂದೇ ಎಳೆ ನೋಡತೊಡಗಿದ. ಸೀರೆಯಲ್ಲಿ ಏನೂ ಐಬಿಲ್ಲ, ಐಬು ಇರುವುದು ನಮ್ಮವರ ರಕ್ತದಲ್ಲಿ ಎಂದು ಎಲ್ಲ ಬಿಡಿಸಿ ಹೇಳಿದೆ. ಮುದುಕ ತಲೆಯ ಮೇಲೆ ಕೈಹೊತ್ತು ಕಟ್ಟೆಯ ಮೇಲೆ ಕುಳಿತುಬಿಟ್ಟ.

"ಅಯ್ಯ ಶಿವನ! ಮೊದ್ಲ ಹೇಳಬಾರದ? ನಾವೇನ ಪರಕೀ ಮಂದೀನ? ಇನ್ನ ಮ್ಯಾಲ ಆತನ ಹೊಟ್ಟಿಗಿ ಒಂದ ಹರಳ ಸಕ್ಕರಿ ಹೋಗಂಗಿಲ್ಲ. ಇಡೀ ಓಣಿಗಿ ನಾ ಹೇಳತೇನಿ."

ಆಡಿದ ಮಾತಿಗೆ ತಪ್ಪುವವನಲ್ಲ. ಎಲ್ಲ ಮನೆಗೂ ಹೇಳಿದ. ಎಲ್ಲರೂ ಒಪ್ಪಿದರು. ನಾನು ಗೆದ್ದೆ ಎಂದುಕೊಂಡೆ. ಕೆಲವು ದಿನಗಳ ಮೇಲೆ ಇವರು ಮನೆಗೆ ಬಂದಾಗ ಮೀಸೆಯಿಂದ ಬೆಲ್ಲ, ಶುಂಠಿಯ ವಾಸನೆ ಘಮ್ಮೆಂದು ಬಂತು.

"ಓಣಿ ಮಂದಿ ಭಾಳ ಛಲೋ ನೋಡು" ಎಂದರು ಇವರು, ಮುಖ ಊರಗಲ ಮಾಡಿಕೊಂಡು. "ನನ ಸಲುವಾಗಿ ಮಹಾಲಿಂಗಪುರದ ಬೆಲ್ಲಾ ತರಸ್ಯಾರ. ನನ ಚಾ ಕಾಸಾಕ ಮನಿಗೊಂದ ಬ್ಯಾರೆ ಪಾತೇಲಿನ ಇಟ್ಟಾರ."

ಹಣೆ ಹಣೆ ಚಚ್ಚಿಕೊಂಡೆ. ಮಾರನೆಯ ದಿನ ಸೆರಗು ಕಟ್ಟಿಕೊಂಡು ನಾನೇ ಹೊರಟೆ. ಮೊದಲ ಮನೆಯಲ್ಲೇ ನನ್ನ ಧೈರ್ಯ ಉಡುಗಿತು. ಆ ಮನೆಯಾಕೆ ಮಗ್ಗ ನಿಲ್ಲಿಸಿ ಎದ್ದು ಬಂದು, "ವೈನಿ, ಬೆಲ್ಲಾ ಔಷಧ ಐತ್ರಿ. ಬಾಣಂತಿಗಿ ಕೊಡತೇವಿ, ಕೂಸಿಗಿ ನೆಕ್ಕಸತೇವಿ. ಸಕ್ಕರಿ ಫ್ಯಾಕ್ಟರೀದು, ಬೆಲ್ಲಾ ಹೊಲದ್ದು" ಎಂದಳು. ಹೊಟ್ಟೆಗೆ ಹೋದ ಮೇಲೆ ಎರಡೂ ಒಂದೇ ಎಂದೆ. ಅವಳ ತವರನ್ನೇ ನಾನು ಬೈದಂತೆ ಮುಖ ಸಣ್ಣ ಮಾಡಿದಳು. ತಪ್ಪು ಅವಳದೆನ್ನಲೇ? ಇಲ್ಲಿಂದ ಮುಧೋಳದವರೆಗೆ ಎತ್ತ ನೋಡಿದರೂ ಕಬ್ಬು. ಬಿಸಿಲಲ್ಲಿ ಬಂದವರಿಗೆ ಬೆಲ್ಲ, ನೀರು ಕೊಟ್ಟೇ ಮಾತಾಡಿಸುವ ಸೀಮೆ ನಮ್ಮದು. ಅವಳು ನನ್ನ ಕೈಗೂ ಒಂದು ಚೂರು ಬೆಲ್ಲ ಇಟ್ಟಳು. ತಿಂದೆ. ಇನ್ನೇನು ಮಾಡಲಿ?

ಬೆಲ್ಲ ಔಷಧವೆಂದಾದ ಮೇಲೆ ಇವರು ಮೊದಲು ಅರ್ಧ ಕಪ್ಪು ಕುಡಿಯುತ್ತಿದ್ದಲ್ಲಿ ತುಂಬಿದ ಕಪ್ಪು ಕುಡಿಯತೊಡಗಿದರು. ನಾನು ಅತ್ತೆ, ಬೈದೆ, ಉಪವಾಸ ಕುಳಿತೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಆ ಬೇಸಿಗೆಯಲ್ಲಿ ಹೊಸ ಚಪ್ಪಲಿ ಕಚ್ಚಿ ಇವರ ಬಲಗಾಲಿನ ಬೆರಳಿಗೆ ಗಾಯವಾಯಿತು. ಸಕ್ಕರೆ ಕಾಯಿಲೆಗೆ ಕಾಲು ಮರಗಟ್ಟಿ ನೋವೇ ತಿಳಿಯಲಿಲ್ಲ. ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಬೆರಳು ಕಪ್ಪಾಗಿತ್ತು. ಜಮಖಂಡಿಗೆ ಓಡಿದೆವು. ಬೆರಳು ತೆಗೆದರು. "ಇನ್ನೊಮ್ಮೆ ಹಿಂಗಾದ್ರ ಪಾದ ಉಳಿಯಂಗಿಲ್ಲ ನೋಡ್ರಿ" ಎಂದರು ಡಾಕ್ಟರು. ಆಸ್ಪತ್ರೆಯ ಹೊರಗೆ ನಿಂತು ಅತ್ತದ್ದು ನೆನಪಿದೆ, ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ. ಇವರಿಗೆ ಯಾರೂ ಕೆಟ್ಟದ್ದು ಬಯಸಿರಲಿಲ್ಲ.

ಇವರನ್ನು ಮಾತಾಡಿಸಲು ಬಂದ ಆ ಮುದುಕ ಪಟ್ಟಿ ಸುತ್ತಿದ ಕಾಲು ಮುಟ್ಟಿ ಗೊಳೋ ಎಂದು ಅತ್ತ. "ನಾವ ಕುಡಿಸಿ ಕುಡಿಸಿ ಈ ಗತಿ ತಂದ್ವಿ" ಎಂದು ಒಂದೇ ಸಮ ಹಲುಬಿದ. ಆ ಮಾತು ಓಣಿಯಲ್ಲೆಲ್ಲ ಹಬ್ಬಿತು.

ಗಾಯ ಮಾಯ್ದು, ಮೆತ್ತನೆಯ ಚಪ್ಪಲಿ ಮೆಟ್ಟಿಕೊಂಡು ಇವರು ಮತ್ತೆ ವ್ಯಾಪಾರಕ್ಕೆ ಹೊರಟರು. ಮಧ್ಯಾಹ್ನಕ್ಕೆ ಮುಂಚೆಯೇ ತಿರುಗಿ ಬಂದು ಕಟ್ಟೆಯ ಮೇಲೆ ಕುಳಿತರು.

"ಒಂದ ಮನ್ಯಾಗೂ ಕುಂಡ್ರು ಅನ್ನಲಿಲ್ಲ" ಎಂದರು. "ಬಾಗಿಲದಾಗ ನಿಂದರಿಸಿ ಸೀರಿ ತೋರಿಸಿ ಗಡಾನ ಮಡಚಿದ್ರು. ನಾ ಒಳಗ ಕಾಲಿಟ್ಟರ ಸಾಕು, ಚಾದ ಪಾತೇಲಿ ಮುಚ್ಚಿ ಒಯ್ಯತಾರ. ನಾ ಏನ ಮೈಲಿಗಿ ಆದ್ನೇನು?"

"ಮಜ್ಜಿಗಿ ಕೊಡ್ರಿ ಅನ್ನಬೇಕಿತ್ತಲ್ರಿ" ಎಂದೆ.

"ಕೇಳಿ ಕುಡದ್ರ ಅದು ಭಿಕ್ಷಾ ಆಕ್ಕೈತಿ" ಎಂದು ಗೋಡೆಯತ್ತ ತಿರುಗಿದರು.

ಮತ್ತೆ ನಾನೇ ಮನೆ ಮನೆ ತಿರುಗಿದೆ. ಚಹಾ ಬೇಡ, ಒಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸಿಕೊಳ್ಳಿ ಎಂದು ಕೈಮುಗಿದೆ. "ಬ್ಯಾಡ್ರಿ ವೈನಿ, ಬೆಲ್ಲದಾಗೂ ಸಕ್ಕರಿ ಐತಿ ಅಂತ ಮೊದ್ಲ ಎಲ್ಲಿ ಗೊತ್ತಿತ್ತು ನಮಗ? ಮಜ್ಜಿಗ್ಯಾಗೂ ಏನರ ಇದ್ರ? ಅಣ್ಣಾರ ಕಾಲಿನ ಪಾಪ ನಮಗ ಬ್ಯಾಡ" ಎಂದು ಅವರೇ ನನಗೆ ಕೈಮುಗಿದರು. ಹೋದಲ್ಲೆಲ್ಲ ಅದೇ ಅಂಜಿಕೆ. ಒತ್ತಾಯ ಮಾಡಿ ಕುಡಿಸುವವರನ್ನು ತಡೆಯಲು ನನ್ನಿಂದ ಆಗಿರಲಿಲ್ಲ, ಅಂಜಿದವರನ್ನು ಒಪ್ಪಿಸಲೂ ಆಗಲಿಲ್ಲ.

ಇವರು ಹೋಗುವುದನ್ನೇ ಬಿಟ್ಟರು. ವ್ಯಾಪಾರವನ್ನು ನನ್ನ ಮೈದುನ ನೋಡಿಕೊಳ್ಳುತ್ತಾನೆ. ಇವರು ಕಟ್ಟೆಯ ಮೇಲೆ ಕುಳಿತು ಓಣಿಯ ಮಗ್ಗಗಳ ಸದ್ದು ಕೇಳುತ್ತಿರುತ್ತಾರೆ. ತಟ್ಟೆಗೆ ಹಾಕಿದ್ದನ್ನು ಉಣ್ಣುತ್ತಾರೆ. ಉಪ್ಪು ಮರೆತರೂ ಹೇಳುವುದಿಲ್ಲ. ಬೇಕೆಂದೇ ಜಗಳ ತೆಗೆದು ನೋಡಿದೆ, ಹೂಂ ಎಂದು ಸುಮ್ಮನಾದರು.

ಮೊನ್ನೆ ಜಮಖಂಡಿಗೆ ತೋರಿಸಲು ಹೋಗಿದ್ದೆವು. ರಕ್ತದ ರಿಪೋರ್ಟು ನೋಡಿ ಡಾಕ್ಟರ ಮುಖ ಅರಳಿತು.

"ಶಾಬಾಸ್ ರೀ! ಊಟಾ ಹಿಂಗ ನಡಸ್ಕೊಂಡ ಹೋದ್ರ ಇನ್ನೂ ಇಪ್ಪತ್ತ ವರ್ಷ ನಿಮಗ ಏನೂ ಆಗಂಗಿಲ್ಲ."

ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಇವರು ತಲೆ ಎತ್ತಿದರು.

"ಇಪ್ಪತ್ತ ವರ್ಷರೀ? ಹಿಂಗನ?"

ಡಾಕ್ಟರು ಅದನ್ನು ಖುಷಿಯೆಂದು ತಿಳಿದು ಇವರ ಹೆಗಲು ತಟ್ಟಿ ನಕ್ಕರು.