ಬೊಂಬು ಎಲ್ಲಿ ಇಕ್ಲಿ?

ನಮ್ಮ ದೊಡ್ಡಪ್ಪನ ಎಡಗಿವಿ ಹಿಸುಕಿದ ಅತ್ತಿಹಣ್ಣಿನ ಹಾಗಿತ್ತು. ಕುಸ್ತಿಯಲ್ಲಿ ಜಜ್ಜಿ ಜಜ್ಜಿ ತೂತೇ ಮುಚ್ಚಿಹೋಗಿತ್ತು. ಆ ಕಿವಿ ಕೇಳಿಸುವುದಿಲ್ಲ ಎಂದರೆ ಸಾಕು, ಉರಿದುಬೀಳುತ್ತಿದ್ದರು.

ಯಲಹಂಕದಲ್ಲಿ ಮನೆಗೆ ಅಂಟಿಕೊಂಡೇ ಗರಡಿ. ಹುಡುಗರಿಗೆ ಮೊದಲ ಪಾಠ: “ಅವ್ನು ಕೈ ಎತ್ತೋದ್ರೊಳ್ಗೆ ನೀನು ಮುರ್ದಿರ್ಬೇಕು ಕಣೋ.” ರೇಡಿಯೋದಲ್ಲಿ ಯಾವ ದೇಶದ ಜಗಳ ಬಂದರೂ ಇದೇ ಮದ್ದು. ಚೀನಾಕ್ಕೂ ಇದೇ, ರಷ್ಯಾ ಅಮೆರಿಕಕ್ಕೂ ಇದೇ.

ಅರವತ್ತೈದರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು. ಬಾಗಲೂರು ಕಡೆ ಪ್ಯಾರಾಚೂಟಿನಲ್ಲಿ ಗೂಢಚಾರರು ಇಳಿದಿದ್ದಾರೆಂದು ಸುದ್ದಿ. ಕಂಡವರು ಯಾರೂ ಇಲ್ಲ, ನಂಬದವರೂ ಇಲ್ಲ. ವಿಮಾನ ದಾಳಿಯಾದರೆ ಅಡಗಲೆಂದು ದೊಡ್ಡಪ್ಪ ಗರಡಿಯ ಹಿಂದೆ ಕಂದಕ ತೋಡಿಸಿ, ಮೇಲೆ ಹೊದಿಸಲು ಬೊಂಬಿಗೆ ಹೇಳಿಕಳಿಸಿದರು. ಬಿದಿರಿನ ಗಳಕ್ಕೆ ನಮ್ಮ ಕಡೆ ಹಾಗೇ ಅನ್ನುವುದು.

ಒಂದು ಸಂಜೆ ಗಡ್ಡದವನೊಬ್ಬ ಗರಡಿ ಬಾಗಿಲಲ್ಲಿ ನಿಂತ. ಗಾಡಿಯನ್ನು ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ ಬಿಟ್ಟು, ದಾರಿ ಕೇಳಿಕೊಂಡು ನಡೆದು ಬಂದಿದ್ದ.

“ಬೊಂಬು ತಂದಿವ್ನಿ. ಎಲ್ಲಿ ಇಕ್ಲಿ?”

ದೊಡ್ಡಪ್ಪನ ಕಿವಿಗೆ ಬಿದ್ದದ್ದು ಬಾಂಬು.

ಅವನ ತೋಳನ್ನು ಬೆನ್ನ ಹಿಂದೆ ತಿರುಚಿದರು. ಒಣಸೌದೆ ಮುರಿದಂಥ ಸದ್ದು ಜಗಲಿಯಲ್ಲಿದ್ದ ನನಗೂ ಕೇಳಿಸಿತು. ಬಿದ್ದವನನ್ನು ಹುಡುಗರು ಮುತ್ತಿಕೊಂಡು ಮುಖ ಮೂತಿ ನೋಡದೆ ಒದ್ದರು. ಅವನು ರಕ್ತ ಉಗುಳುತ್ತ “ಬೊಂಬು, ಬೊಂಬು” ಎಂದಷ್ಟೂ ಒದೆ ಹೆಚ್ಚಿತು. ಒಬ್ಬ ಗದೆ ಎತ್ತಿದ. ದೊಡ್ಡಮ್ಮ ಓಡಿಬಂದು ಗಂಡನ ಬಲಗಿವಿ ಹಿಡಿದೆಳೆದು ಅದರೊಳಗೆ ಹೇಳಿದರು:

“ಬಿದಿರು ಕಣ್ರೀ. ನೀವೇ ಏಳ್ಕಳ್ಸಿದ್ದ ಬಿದಿರು.”

ಗದೆ ಕೆಳಗಿಳಿಯುವ ಮೊದಲು ಹುಡುಗನ ಕೈ ಹಿಡಿದವರೂ ದೊಡ್ಡಪ್ಪನೇ. ಗಾಯಾಳುವನ್ನು ತಾವೇ ಹೊತ್ತು ಮೂಳೆ ಕಟ್ಟುವವರ ಮನೆಗೆ ಓಡಿದರು. ಜೀವ ಉಳಿಯಿತು, ಕೈ ಸೊಟ್ಟಗೇ ಕೂಡಿತು.

ದೊಡ್ಡಮ್ಮ ಕಿವಿಯನ್ನು ಬೈದಾಗ ದೊಡ್ಡಪ್ಪ ತಲೆಯಾಡಿಸಿದರು. “ಕಿವಿ ತಪ್ಪಲ್ಲ ಕಣೇ. ಅವ್ನು ಬಾಯ್ ಬಿಡೋಕ್ ಮುಂಚೇನೆ ನಾನು ತೀರ್ಮಾನ ಮಾಡ್ಬಿಟ್ಟಿದ್ದೆ.”

ಆಮೇಲೆ ಗರಡಿಯಲ್ಲಿ ಎದುರಾಳಿಯ ಹೆಸರು, ಊರು ಕೇಳದೆ ಮೈ ಮುಟ್ಟುವಂತಿರಲಿಲ್ಲ. ಪೈಲ್ವಾನರು ಹೆಣ್ಣು ನೋಡೋಕೆ ಬಂದವರ ಹಾಗೆ ವಿಚಾರಿಸುತ್ತಾರೆಂದು ಊರವರು ಆಡಿಕೊಂಡರು. ರೇಡಿಯೋದಲ್ಲಿ ಯುದ್ಧದ ಸುದ್ದಿ ಬಂದರೆ ಬಲಗಿವಿ ಕೊಟ್ಟು, ಆ ಕಡೆಯವರು ಏನೆಂದರು ಎಂದು ಕೇಳುತ್ತಿದ್ದರು. ಅದನ್ನು ರೇಡಿಯೋ ಹೇಳುತ್ತಿರಲಿಲ್ಲ.

ಕೆಲವೇ ವರ್ಷಗಳಲ್ಲಿ ದೊಡ್ಡಪ್ಪ ತೀರಿಕೊಂಡರು. ಚಟ್ಟಕ್ಕೆ ಗಳ ಹೊತ್ತು ಬಂದವನು ಅದೇ ಗಡ್ಡದವನು. ಸೊಟ್ಟ ಕೈಯಿಂದ ಅದನ್ನು ಹೆಗಲಿಗೆ ಒತ್ತಿಕೊಂಡು ಬಾಗಿಲಿಗೆ ಮಾರು ದೂರದಲ್ಲೇ ನಿಂತ.

“ಬೊಂಬು ತಂದಿವ್ನಿ. ಎಲ್ಲಿ ಇಕ್ಲಿ?”

ಅಂಗಳ ತುಂಬ ಪೈಲ್ವಾನರು. ಒಬ್ಬನೂ ತಲೆ ಎತ್ತಲಿಲ್ಲ. ದೊಡ್ಡಮ್ಮ ಹೆಣದ ಪಕ್ಕದಿಂದ ಎದ್ದು ಹೋಗಿ, ಅವನ ಹೆಗಲಿನಿಂದ ಗಳ ಇಳಿಸಿಕೊಂಡರು.